ಫೇಲಾಗಲು ಒಬ್ಬರು ಬೇಕಾಗಿದ್ದಾರೆ

೧೯೫೮ರ ಜೂನ್ ಎರಡು, ಸೋಮವಾರ ಬೆಳಿಗ್ಗೆ ಹತ್ತೂವರೆಗೆ ನಮ್ಮ ಶಾಲೆ ಆರಂಭವಾಯಿತು. ಹನ್ನೊಂದಕ್ಕೆ ಮೊದಲನೆಯ ವಿದ್ಯಾರ್ಥಿ ಬಿಟ್ಟುಹೋದ. ಅಂದಿನಿಂದ ಇಂಥ ಪ್ರಸಂಗಗಳು ನಿಲ್ಲಲೇ ಇಲ್ಲ.

ದಾವಣಗೆರೆಯ ಮಂಡಿಪೇಟೆಯಲ್ಲಿ ಒಣಮೆಣಸಿನಕಾಯಿ ವ್ಯಾಪಾರದ ಸಾಹುಕಾರರೊಬ್ಬರು ತಮ್ಮ ಅಂಗಡಿಯ ಅಟ್ಟವನ್ನು ಶಾಲೆಗೆ ಬಿಟ್ಟುಕೊಟ್ಟಿದ್ದರು. ಬೆತ್ತವಿಲ್ಲ, ಪರೀಕ್ಷೆಯಿಲ್ಲ, ರ‍್ಯಾಂಕಿಲ್ಲ ಎಂಬುದು ನನ್ನ ಷರತ್ತು. ಅವರದು ಒಂದೇ: ಮಕ್ಕಳಿರುವ ತನಕ ಅಟ್ಟ ನನ್ನದು; ಖಾಲಿಯಾದ ದಿನ ಮೆಣಸಿನಕಾಯಿ ಚೀಲ ಮೇಲೇರುತ್ತದೆ.

೧. ಏಟು

ಆ ಮೊದಲನೆಯ ವಿದ್ಯಾರ್ಥಿಯನ್ನು ಕರೆತಂದವಳು ಅವನ ಅಜ್ಜಿ. ಹುಡುಗನ ಹೆಸರು ಹೇಳುವ ಮೊದಲೇ, ಇಲ್ಲಿ ಹೊಡೆಯುತ್ತೀರೋ ಇಲ್ಲವೋ ಎಂದು ಕೇಳಿದಳು. ನಾನು ಸ್ವಲ್ಪ ಹೆಮ್ಮೆಯಿಂದಲೇ, ಮಕ್ಕಳ ಮೇಲೆ ಕೈಯೆತ್ತುವುದು ಈ ಶಾಲೆಯಲ್ಲಿ ನಿಷಿದ್ಧ ಎಂದೆ.

ಅಜ್ಜಿ ಅರ್ಧ ಗಂಟೆ ಮೂಲೆಯಲ್ಲಿ ಕುಳಿತು ನನ್ನ ಕೈಯನ್ನೇ ಗಮನಿಸಿದಳು. ಕೊನೆಗೆ ಮೊಮ್ಮಗನನ್ನು ಎಬ್ಬಿಸಿಕೊಂಡು ಹೊರಟಳು.

"ಫೀಜೂ ನಾವೇ ಕೊಡಬೇಕು, ಏಟೂ ನಾವೇ ಕೊಡಬೇಕು ಅಂದ್ರೆ, ನೀವು ಕೊಡೋದೇನ್ರಿ ಅಕ್ಕೋರೆ?"

೨. ಪೇಡೆ

ಏಪ್ರಿಲ್‌ನಲ್ಲಿ ಬೇರೆ ಶಾಲೆಗಳ ಫಲಿತಾಂಶ ಬಂತು. ಪಾಸಾದ ಮಕ್ಕಳ ಮನೆಯವರು ಪೇಟೆಯಲ್ಲೆಲ್ಲ ಪೇಡೆ ಹಂಚುವುದು ರೂಢಿ. ನಮ್ಮಲ್ಲಿ ಫಲಿತಾಂಶವೇ ಇಲ್ಲ. ಬೆಲ್ಲದ ಅಂಗಡಿ ಇಟ್ಟಿದ್ದ ತಂದೆಯೊಬ್ಬರು ಮೆಟ್ಟಿಲೇರಿ ಬಂದು, ನಾಲ್ಕು ದಿನದಿಂದ ಎಲ್ಲರ ಮನೆ ಪೇಡೆ ತಿಂದು ಸಾಕಾಗಿದೆ, ತಿರುಗಿ ಕೊಡಲು ಒಂದು ನೆಪವಾದರೂ ಬೇಡವೇ ಎಂದರು.

ಅವರನ್ನು ಕೂರಿಸಿ, ಮಗನ ಬೆಳವಣಿಗೆಯನ್ನು ವಿವರಿಸಿದೆ. ಮೊದಲು ಬಾಯಿ ಬಿಡದವನು ಈಗ ಪ್ರಶ್ನೆ ಕೇಳುತ್ತಾನೆ. ಇರುವೆಗಳ ಸಾಲನ್ನು ತಾಳ್ಮೆಯಿಂದ ನೋಡುತ್ತಾನೆ. ತನ್ನ ತಿಂಡಿಯನ್ನು ಹಂಚಿಕೊಂಡು ತಿನ್ನುತ್ತಾನೆ. ಅವರು ಕೈಕಟ್ಟಿಕೊಂಡು, ಪೂರ್ತಿ ಕೇಳಿ, ಎದ್ದು ನಿಂತರು.

"ಇಷ್ಟಕ್ಕೆ ಪೇಡೆ ಹಂಚಬೋದೇನ್ರಿ, ಬರೀ ಸಕ್ಕರೆ ಸಾಕೋ?"

೩. ತನಿಖೆ

ಎರಡನೆಯ ವರ್ಷ ಶಾಲಾ ತನಿಖಾಧಿಕಾರಿಗಳು ತಿಳಿಸದೆ ಬಂದರು. ಅದೇ ದಿನ ನಾನು ಮಕ್ಕಳನ್ನು ರೈಲಿನಲ್ಲಿ ಹರಿಹರಕ್ಕೆ ಕರೆದೊಯ್ದಿದ್ದೆ. ಹೊಳೆ ನೋಡುವುದು, ಕಂಡದ್ದನ್ನು ಬರೆಯುವುದು ಅಂದಿನ ಪಾಠ. ಬಿಸಿಲಿಗೆ ದಣಿದು ಒಂದು ಮನೆಯ ಕಟ್ಟೆಯ ಮೇಲೆ ಕುಳಿತೆವು. ಮನೆಯಾಕೆ ನೀರು, ಮಂಡಕ್ಕಿ ಕೊಟ್ಟು, ಯಜಮಾನರು ದಾವಣಗೆರೆಗೆ ಯಾವುದೋ ಸಣ್ಣ ಶಾಲೆಯ ತನಿಖೆಗೆ ಹೋಗಿದ್ದಾರೆ ಎಂದು ಸಂಕೋಚದಿಂದ ಹೇಳಿದರು. ಅದು ಯಾವ ಶಾಲೆ ಎಂದು ನಾನು ಕೇಳಲಿಲ್ಲ.

'ಶಾಲೆ ಇದೆ, ಮಕ್ಕಳಿಲ್ಲ' ಎಂದು ತನಿಖಾಧಿಕಾರಿಗಳ ವರದಿ ಬಂತು. 'ಮನೆ ಐತೆ, ಸಾಹೇಬ್ರಿಲ್ಲ' ಎಂದು ನಮ್ಮ ಮಕ್ಕಳು ಬರೆದಿದ್ದರು. ವಿಷಯ ಸಂಗ್ರಹದಲ್ಲಿ ಎರಡೂ ಸಮ.

೪. ಫೇಲು

ವರದಿಯ ಸುದ್ದಿ ಹಬ್ಬಿ ಇನ್ನಷ್ಟು ಮಕ್ಕಳು ಬಿಟ್ಟರು. ಸಾಹುಕಾರರೇ ಅಟ್ಟಕ್ಕೆ ಬಂದು ಕುಳಿತರು. ಅವರ ಮೊಮ್ಮಗ ನಮ್ಮಲ್ಲಿ ನಾಲ್ಕನೆಯ ತರಗತಿ. ಅದೇ ನಮ್ಮ ಕೊನೆಯ ತರಗತಿ. ಅವನು ಓದುತ್ತಿರುವ ತನಕ ಅಂಗಡಿಯಲ್ಲಿ ಪಾಲಿರುವ ತಮ್ಮ ಅಣ್ಣತಮ್ಮಂದಿರು ಸುಮ್ಮನಿರುತ್ತಾರೆ, ಅವನು ದಾಟಿದ ಮೇಲೆ ಅಟ್ಟ ಕೇಳುತ್ತಾರೆ ಎಂದರು. ಆಮೇಲೆ ದನಿ ತಗ್ಗಿಸಿ ಬುದ್ಧಿ ಹೇಳಿದರು.

"ಹಿಂದಿನ ಓಣಿ ಸಾಲ್ಯಾಗೆ ಅರ್ಧಕ್ಕರ್ಧ ಫೇಲು. ಆದ್ರೂ ಸೇರ್ಸಾಕೆ ಜನ ಮುಗಿಬೀಳ್ತಾರೆ. ಯಾಕ? ಫೇಲ್ ಮಾಡೋ ಸಾಲಿಗೇ ಕಿಮ್ಮತ್ತು. ನೀವೂ ಒಂದು ಪರೀಕ್ಷೆ ಇಟ್ಟು ಒಬ್ಬನ್ನಾದ್ರೂ ಫೇಲ್ ಮಾಡ್ರಿ. ಯಾರ ಮನೆ ಹುಡುಗ ಅಂತ ಮುಖ ನೋಡಬ್ಯಾಡ್ರಿ."

ಅವರು ಇಳಿದುಹೋದ ಮೇಲೆ, ಕಿಟಕಿಯ ಬಳಿ ಓದುತ್ತಿದ್ದ ಮೊಮ್ಮಗ ಪುಸ್ತಕ ಮಡಿಸಿದ. ನಮ್ಮಲ್ಲಿ ಅತಿ ಚೆನ್ನಾಗಿ ಓದುತ್ತಿದ್ದವನು ಅವನೇ.

"ಫೇಲಾದೋರು ಇನ್ನೊಂದು ವರ್ಷ ಇಲ್ಲೇ ಇರ್ಬೇಕೇನ್ರಿ ಅಕ್ಕೋರೆ?"

ಬೇರೆ ಶಾಲೆಗಳಲ್ಲಿ ನಿಯಮ ಹಾಗೇ ಇದೆ ಎಂದೆ.

"ಹಂಗಾರೆ ನಾನೇ ಆಗ್ತೀನ್ರಿ. ಬ್ಯಾರೆಯೋರಿಗೆ ಹೇಳಬ್ಯಾಡ್ರಿ, ಪೈಪೋಟಿ ಬೀಳ್ತೈತೆ."

ಆ ಏಪ್ರಿಲ್‌ನಲ್ಲಿ ಪರೀಕ್ಷೆ ನಡೆಸಿ, ಸಾಹುಕಾರರ ಮೊಮ್ಮಗನನ್ನು ಫೇಲ್ ಮಾಡುವುದೆಂದು ತೀರ್ಮಾನಿಸಿದೆ.