ಮಾವನ ಕೋವಿಗೆ ಗುಂಡು ಆರಿಸಿದ್ದು

‘ಗೊತ್ತಿಲ್ಲ’ ಎನ್ನಲು ನನಗೆ ಬಾಯೇ ಬರುವುದಿಲ್ಲ. ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷ ಗಣಿತ ಹೇಳಿಕೊಟ್ಟವನಿಗೆ ಅಂಟಿದ ಕಾಯಿಲೆ ಇದು. ಮಕ್ಕಳ ಮುಂದೆ ಹಾಗೆಂದರೆ ಮರ್ಯಾದೆ ಹೋಗುತ್ತದೆ. ಹೆಂಡತಿಯ ಮುಂದೆ ಹೋಗಲು ಮರ್ಯಾದೆಯೇ ಉಳಿದಿಲ್ಲ, ಆದರೂ ಅನ್ನುವುದಿಲ್ಲ. ಆದ್ದರಿಂದಲೇ ಕೊಣನೂರಿನ ಮಾವ, “ನನ್ ಕೋವಿಗೆ ಸೀಸದ ಗುಂಡು ಆರಿಸ್ಕಂಡು ಬತ್ತೀರಾ ಮೇಷ್ಟ್ರೇ?” ಎಂದಾಗ, ಕೋವಿಯನ್ನು ಕ್ಯಾಲೆಂಡರಿನ ಚಿತ್ರದಲ್ಲಷ್ಟೇ ಕಂಡಿದ್ದ ನಾನು, “ಅದೇನು ಮಹಾ!” ಎಂದುಬಿಟ್ಟೆ.

ಮಾವನದು ತಾತನ ಕಾಲದ ಲೈಸೆನ್ಸಿನ ಕೋವಿ. ಮದ್ದು, ಗುಂಡು ಎರಡನ್ನೂ ನಳಿಗೆಯ ಬಾಯಿಂದಲೇ ಇಳಿಸಬೇಕು. ಗುಂಡು ಬಿಗಿಯಾಗಿ ಕೂರಬೇಕು. ನಳಿಗೆ ಎಷ್ಟು ದೊಡ್ಡದೆಂದರೆ ನನ್ನ ಹೆಬ್ಬೆರಳು ಸಲೀಸಾಗಿ ಒಳಗೆ ಹೋಯಿತು, ಸೋಪು ಹಚ್ಚಿದ ಮೇಲೆ ಆಚೆ ಬಂತು. ಊರಿನಲ್ಲಿ ವರ್ಷಕ್ಕೊಮ್ಮೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ನಡೆಯುತ್ತದೆ. ಮಾವ ಒಂದು ವರ್ಷವೂ ಗುರಿ ತಪ್ಪಿದವರಲ್ಲ. ಈ ಸಲ ಕಣ್ಣಿನ ಆಪರೇಷನ್ ಆಗಿದ್ದರಿಂದ ‘ಮುದುಕನ ಕತೆ ಮುಗೀತು’ ಎಂದು ಊರು ಆಡಿಕೊಳ್ಳುತ್ತಿತ್ತು. ಆ ಮಾತನ್ನು ಸುಳ್ಳು ಮಾಡಲೇಬೇಕೆಂದು ಅವರಿಗೆ ಹಟ. ಗುಂಡು ಎರೆಯುವ ಅಚ್ಚನ್ನು ಮಾತ್ರ ಯಾರೋ ಕೇಳಿ ಒಯ್ದವರು ವಾಪಸು ಕೊಟ್ಟಿರಲಿಲ್ಲ.

ಹಾಸನದ ಅಂಗಡಿಯಲ್ಲಿ ಎರೆದ ಗುಂಡು ಸಿಗುತ್ತದೆ, ಆದರೆ ನಳಿಗೆಯ ಅಳತೆ ಹೇಳಬೇಕು. ಕೋವಿ ಹೊತ್ತು ಬಸ್ ಹತ್ತಿದರೆ ಕಂಡಕ್ಟರು ಟಿಕೆಟ್ ಕೊಡುವ ಬದಲು ಎರಡೂ ಕೈ ಎತ್ತಿಯಾನು. ಊಟಕ್ಕೆ ಕೂತಾಗ ಉಪಾಯ ಹೊಳೆಯಿತು. ಬಿಸಿ ರಾಗಿಮುದ್ದೆಯಿಂದ ಒಂದು ತುತ್ತು ಮುರಿದು ಖಾಲಿ ಕೋವಿಯ ಬಾಯಿಗೆ ಒತ್ತಿ, ಮೆಲ್ಲಗೆ ಬಿಡಿಸಿಕೊಂಡೆ. ನಳಿಗೆಯ ಪಡಿಯಚ್ಚು!

“ರೀ, ಅದಕ್ಕೂ ಉಣ್ಣಿಸ್ತಿದೀರಾ? ಸಾರು ಬಡಿಸ್ಲಾ?” ಎಂದಳು ಹೆಂಡತಿ ಸುನಂದ.

ಆ ತುತ್ತು ಅರಕಲಗೂಡು, ಹೊಳೆನರಸೀಪುರ ದಾಟಿ ನನ್ನ ಜೇಬಿನಲ್ಲೇ ಪ್ರಯಾಣ ಮಾಡಿತು. ಮಾರನೆಯ ದಿನ ಶಾಲೆಯ ಲ್ಯಾಬಿನಲ್ಲಿ ವರ್ನಿಯರ್ ಹಿಡಿದು ಕೂದಲೆಳೆಯಷ್ಟೂ ತಪ್ಪದಂತೆ ಮೂರು ಸಲ ಅಳೆದೆ. ಒಣಗಿದ ಮುದ್ದೆ ಕುಗ್ಗುತ್ತದೆಂದು ನಮ್ಮ ಜಿಲ್ಲೆಯಲ್ಲಿ ಎಳೆಮಗುವಿಗೂ ಗೊತ್ತು. ವರ್ನಿಯರ್ ಕೈಗೆ ಬಂದ ಸಂಭ್ರಮದಲ್ಲಿ ನನಗೆ ಮರೆತೇಹೋಯಿತು.

ಹಾಸನದ ಅಂಗಡಿಯವನು ನನ್ನ ಮುದ್ದೆಯನ್ನು ಗಾಜಿನ ಮೇಲೆ ಕುಟ್ಟಿ ನೋಡಿದ. “ಏನ್ ಸಾ, ಇಷ್ಟು ಗಟ್ಟಿ ಐತೆ, ಇದ್ನೇ ಹೊಡೀಬೋದಲ್ಲ?” ಎಂದ. ನಾನು ನಗಲಿಲ್ಲ. ಒಂದೊಂದು ಗುಂಡನ್ನೂ ಅಂಗೈಯಲ್ಲಿ ತೂಗಿ, ಉರುಳಿಸಿ, ಎಳನೀರು ಆರಿಸುವವನಂತೆ ಕಿವಿಯ ಹತ್ತಿರ ಅಲ್ಲಾಡಿಸಿ, ಆರು ಗುಂಡು ಆರಿಸಿದೆ. ಬಸ್ಸು ಶಾಂತಿಗ್ರಾಮ ದಾಟುವ ಹೊತ್ತಿಗೆ ನನ್ನ ಮೇಲೆ ನನಗೇ ಅಪಾರ ಗೌರವ ಹುಟ್ಟಿತ್ತು.

ಪಂದ್ಯದ ದಿನ ಬಯಲಿನ ತುಂಬ ಜನ. ಮಾವ ಮದ್ದು ಇಳಿಸಿ, ನಳಿಗೆಗೆ ಗುಂಡು ಬಿಟ್ಟರು. ಅದು ಸರ್ರನೆ ಒಳಗೆ ಹೋಯಿತು.

“ಏನಿಷ್ಟು ಸಲೀಸು?”

“ನಿಖರವಾದ ಅಳತೆ ಮಾವ.”

“ಓದಿರೋರು ಯೋಳಿದ್ಮ್ಯಾಗೆ ಸರಿ ಇರ್ತದೆ ಬುಡಿ.”

ಅಷ್ಟರಲ್ಲಿ ತೀರ್ಪುಗಾರರು ಹೆಸರು ಬರೆದುಕೊಳ್ಳಲು ಬಂದರು. ಮಾವ ಕೋವಿಯ ಬಾಯಿಯನ್ನು ನೆಲಕ್ಕೆ ಬಾಗಿಸಿ ಹೆಸರು ಹೇಳಿದರು. ಆಮೇಲೆ ಗುರಿ ಹಿಡಿದು ಹೊಡೆದರು. ಢಂ! ಹೊಗೆ ಕರಗಿತು. ತೆಂಗಿನಕಾಯಿ ನೆಮ್ಮದಿಯಾಗಿ ಕೂತಿತ್ತು. ಜನ ಅಯ್ಯಯ್ಯೋ ಎಂದರು. ನಾನು ತಲೆ ತಗ್ಗಿಸಿದೆ, ಕಂಡೆ: ನಾನು ಆರಿಸಿದ ಗುಂಡು ಮಾವನ ಪಾದದ ಪಕ್ಕದಲ್ಲಿ ಮಲಗಿತ್ತು! ಮಾವನೂ ಅದನ್ನು ಕಂಡರು. ಕಂಡವರೇ ಸದ್ದಿಲ್ಲದೆ ಅದರ ಮೇಲೆ ಚಪ್ಪಲಿ ಇಟ್ಟು ನಿಂತರು.

“ಯಾಕೋ ತಪ್ತು ಬುಡಿ ಸಾ,” ಎಂದರು ತೀರ್ಪುಗಾರರಿಗೆ.

ಅಳಿಯನ ಮಾನ ಉಳಿಸಲು ಆ ಹಿರಿಯರು ತಮ್ಮ ಮಾನ ಕೊಟ್ಟಿದ್ದರು. ನನಗೆ ಅಳು ಬರುವಂತಾಯಿತು. ತಪ್ಪು ನನ್ನದೆಂದು ಒಪ್ಪಿಕೊಳ್ಳಬೇಕೆಂದೇ ಬಾಯಿ ತೆರೆದೆ. ಬಂದ ಮಾತೇ ಬೇರೆ: “ಹೌದು ಸಾರ್, ಮಾವನವರಿಗೆ ಈಚೆಗೆ ದೃಷ್ಟಿ ಸ್ವಲ್ಪ ಮಂದ.”

ಮಾವ ನನ್ನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ ನಿಧಾನವಾಗಿ ಕಾಲು ಎತ್ತಿದರು.

“ಬನ್ನಿ ಸಾ ಇಲ್ಲಿ. ಈ ಗುಂಡು ನಂಗೆ ಚೆಂದಾಗಿ ಕಾಣ್ತದೆ. ಇದ್ನ ಅಳತೆ ಮಾಡಿ ತಂದ ಮೇಷ್ಟ್ರೂ ಕಾಣ್ತಾವ್ರೆ.”