ಬೀಗರೂಟದ ಕಾರ್ಡಿಗೆ ಬೀಗ

"ಇನ್ನು ಮುಂದೆ ನನ್ನ ಅಪ್ಪಣೆಯಿಲ್ಲದೆ ಆ ಕಾರ್ಡಿನ ಒಂದು ಒತ್ತಕ್ಷರವೂ ಅಲುಗಾಡಕೂಡದು!"

ನಂಜನಗೂಡಿನ ನಮ್ಮ ಮನೆಯ ನಡುಮನೆಯಲ್ಲಿ ನಿಂತು ನಾನು ಹೀಗೆ ಘೋಷಿಸಿದಾಗ ಹೆಂಡತಿ ಸುನೀತಾ ಸೊಪ್ಪು ಸೋಸುತ್ತಿದ್ದಳು. ತಲೆಯನ್ನೂ ಎತ್ತಲಿಲ್ಲ.

ಸುನೀತಾ ಮನೆಯಲ್ಲೇ ಕಂಪ್ಯೂಟರ್ ಇಟ್ಟುಕೊಂಡು ಮದುವೆ ಕಾರ್ಡು, ಫ್ಲೆಕ್ಸು ಮಾಡಿಕೊಡುತ್ತಾಳೆ. ಈ ಸಲ ತವರಿನದೇ ಕೆಲಸ. ಟಿ. ನರಸೀಪುರದ ಅವಳಣ್ಣ ರವಿಚಂದ್ರ ಮಗನ ಮದುವೆಯ ಬೀಗರೂಟ ಇಟ್ಟುಕೊಂಡಿದ್ದರು. ನಮ್ಮ ಕಡೆ ಬೀಗರೂಟಕ್ಕೆ ಮುದ್ದೆ, ಮಟನ್ನಿಗಿಂತ ಮುಖ್ಯವಾದದ್ದು ಕಾರ್ಡಿನ ಕೆಳಗಿರುವ ‘ಸುಖಾಗಮನ ಬಯಸುವವರು’. ಸಾರಿಗೆ ಉಪ್ಪು ಕಮ್ಮಿಯಾದರೆ ಕ್ಷಮೆಯುಂಟು. ಅಲ್ಲಿ ಹೆಸರು ಒಂದು ಸಾಲು ಕೆಳಗಿಳಿದರೆ ಮೂರು ತಲೆಮಾರು ಮಾತು ಬಿಡುತ್ತಾರೆ!

ಹಾಗಾಗಿ ನೆಂಟರೆಲ್ಲ ಕಾಫಿ ನೆಪದಲ್ಲಿ ಬರುವುದು, ಸುನೀತಾ ಲೋಟ ತರುವಷ್ಟರಲ್ಲಿ ಕಂಪ್ಯೂಟರ್ ಮುಂದೆ ಕೂತು ತಮ್ಮ ಹೆಸರನ್ನು ಮೇಲಕ್ಕೆ ತಳ್ಳಿಕೊಳ್ಳುವುದು! ಹದಿನಾರು ಅನ್ನೋ ಊರಿನ ಅವಳ ಚಿಕ್ಕಪ್ಪ ನಿಂಗರಾಜು ಅಂತೂ ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಮೊದಲ ಸಾಲಿಗೇ ಏರಿದ್ದರು. ನನ್ನ ಹೆಸರೊಂದು ಮಾತ್ರ ಸೇರಿರಲಿಲ್ಲ. ಸುನೀತಾ ಹಾಕಲು ಬಂದಾಗ, "ಎಲ್ಲರದೂ ಆಗ್ಲಿ ಬಿಡು, ನಂದೇನು ಅವಸರ?" ಅಂತ ನಾನೇ ತಡೆದಿದ್ದೆ. ದೊಡ್ಡ ಮನಸ್ಸು ಅಂದುಕೊಂಡಳು ಪಾಪ. ಎಲ್ಲರ ಕೊಸರಾಟ ಮುಗಿದ ಮೇಲೆ ಎಲ್ಲರ ತಲೆಯ ಮೇಲೆ ಕೂರುವುದು ನನ್ನ ಹೂಟ!

ಕಾರ್ಡು ಅಚ್ಚಿಗೆ ಹೋಗುವ ದಿನ ಬೆಳಿಗ್ಗೆ ಅವಳು ಸೊಪ್ಪಿನವಳ ಜೊತೆ ಚೌಕಾಸಿಗೆ ನಿಂತಳು. ನಾನು ಮೆಲ್ಲಗೆ ಕೂತು ಮೊದಲ ಸಾಲಿನಲ್ಲಿ, ದಪ್ಪಕ್ಷರದಲ್ಲಿ, ‘ಶ್ರೀ ಮಧುಕುಮಾರ್, ಕಂಪ್ಯೂಟರ್ ತಜ್ಞರು’ ಅಂತ ಪ್ರತಿಷ್ಠಾಪಿಸಿಬಿಟ್ಟೆ. ಡೇರಿಯ ಕಂಪ್ಯೂಟರಿಗೆ ದಿನಾ ಹಾಲಿನ ಫ್ಯಾಟಿನ ಲೆಕ್ಕ ಏರಿಸುವವನು ತಜ್ಞನಲ್ಲದೆ ಮತ್ತೇನು? ಸಿಂಹಾಸನವೇನೋ ಸಿಕ್ಕಿತು, ಕಾವಲು ಬೇಡವೇ? ಅದಕ್ಕೇ ಆ ಘೋಷಣೆ.

"ಏನ್ ಮಾಡಕ್ಕೆ ಹೊರಟ್ರಿ ಈಗ?"

"ಫೋಲ್ಡರಿಗೇ ಬೀಗ ಜಡೀತೀನಿ. ಪರ್ಮಿಷನ್ ಬದಲಾಯಿಸೋದು! ಮೌಸಲ್ಲಿ ಅಲ್ಲ, ಕಮ್ಯಾಂಡಲ್ಲಿ!"

"ಮಧ್ಯಾಹ್ನ ಪ್ರೆಸ್ಸಿಗೆ ಕಳಿಸ್ಬೇಕು ಕಣ್ರೀ. ಕೆಟ್ರೆ ಅತ್ತಿಗೆ ಮುಂದೆ ತಲೆ ಎತ್ತಕ್ಕಾಗಲ್ಲ ನಂಗೆ."

"ಅಪ್ಪಣೆ ಕೊಡೋನು ನಾನು, ಕೇಳೋದು ಅದು!"

ಕಪ್ಪು ಪರದೆ ತೆರೆದೆ. ಮೊಬೈಲಿನ ವಿಡಿಯೋ ನೋಡಿಕೊಂಡು ಮಂತ್ರ ಕುಟ್ಟಿದೆ. ಮೊದಲು ಫೋಲ್ಡರಿನ ಹೆಸರು, ಆಮೇಲೆ ‘ಡಿನೈ’, ಅಂದರೆ ಒಳಗೆ ಬಿಡಬೇಡ. ಯಾರನ್ನು? ‘ಎವೆರಿವನ್’. ಒಬ್ಬರನ್ನೂ ಬಿಡಬೇಡ! ಎಂಟರ್ ಒತ್ತಿದ ತಕ್ಷಣ ಕೆಲಸ ಯಶಸ್ವಿ ಅಂತ ಕಂಪ್ಯೂಟರೇ ಒಪ್ಪಿಕೊಂಡಿತು. ವಿಡಿಯೋ ಇನ್ನೂ ಅರ್ಧ ಇತ್ತು, ತಜ್ಞರಿಗೆ ಅದೆಲ್ಲ ಯಾಕೆ ಅಂತ ಮುಚ್ಚಿಟ್ಟೆ.

ಮಧ್ಯಾಹ್ನ ಸುನೀತಾ ಫೋಲ್ಡರ್ ತೆರೆಯಲು ಹೋದಳು. ‘ಆಕ್ಸೆಸ್ ಡಿನೈಡ್’!

"ನೋಡಿದ್ಯಾ ಬಂದೋಬಸ್ತು? ಏಳು, ನಾನು ತೆಗೀತೀನಿ," ಅಂತ ಕೂತೆ. ನನಗೂ ಡಿನೈಡ್. ಆಫ್ ಮಾಡಿ ಆನ್ ಮಾಡಿದೆ. ಡಿನೈಡ್. "ನಾನು ಕಣೋ, ಮಧುಕುಮಾರ್!" ಅಂತ ಪರದೆಗೇ ಗದರಿದೆ. ಅದಕ್ಕೆ ಮುಖ ಪರಿಚಯವೇ ಇಲ್ಲ! ಅಲ್ಲಾ, ಮನೆ ಯಜಮಾನ "ಎಲ್ಲರೂ ಬಾಯ್ಮುಚ್ಚಿ" ಅಂದರೆ ಆ ಎಲ್ಲರಲ್ಲಿ ಯಜಮಾನ ಸೇರುತ್ತಾನೆಯೇ? ಕಂಪ್ಯೂಟರಿಗೆ ಇಷ್ಟೂ ಸಂಸ್ಕಾರ ಬೇಡವೇ?

ಅಷ್ಟರಲ್ಲಿ ಪ್ರೆಸ್ಸಿನ ಬಸವೇಶ್ ಫೋನು. "ಈಗ್ಲೇ ಕಳ್ಸಿ ಮೇಡಂ. ಆಮೇಲೆ ಅಂದ್ರೆ ಹಬ್ಬ ಕಳೆಯೋಗಂಟ ಮಿಷಿನ್ ಬಿಡುವಿಲ್ಲ."

ಸುನೀತಾಳ ಕಣ್ಣು ತುಂಬಿತು. "ತವರಿನೋರು ಮೊದಲ್ನೇ ಸಲ ನನ್ನ ನಂಬಿ ಕೆಲ್ಸ ಕೊಟ್ಟಿದ್ರು ಕಣ್ರೀ." ಅಷ್ಟರಲ್ಲಿ ಅವಳೇ ಹಣೆ ಚಚ್ಚಿಕೊಂಡಳು. "ಅಯ್ಯೋ! ಬಸವೇಶ್, ಬಣ್ಣ ನೋಡಕ್ಕೆ ಅಂತ ನಿನ್ನೆ ವಾಟ್ಸಾಪಲ್ಲಿ ಕಳ್ಸಿದ್ನಲ್ಲ, ಅದನ್ನೇ ಹಾಕ್ಬಿಡಿ!"

"ಬೇಡಾ!" ಅಂತ ಚೀರಿದೆ.

"ಯಾಕ್ರೀ?"

"ಅದು... ಬಣ್ಣ ಸರಿಯಿಲ್ಲ."

"ಚಿನ್ನದಂಗೈತೆ ಸಾ!" ಅಂದ ಬಸವೇಶ್. ನಿನ್ನೆಯದರಲ್ಲಿ ನನ್ನ ಹೆಸರಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ?

ಸಂಜೆ ಸುನೀತಾ ಉಳಿದರ್ಧ ವಿಡಿಯೋ ನೋಡಿದಳು. ಬೀಗ ತೆಗೆಯುವ ಮಂತ್ರ ಅಲ್ಲೇ ಇತ್ತು! ಫೋಲ್ಡರ್ ತೆರೆದಳು, ಮೊದಲ ಸಾಲಿನ ದಪ್ಪಕ್ಷರ ಓದಿದಳು, ನನ್ನನ್ನೊಮ್ಮೆ ನೋಡಿದಳು. ಕಂಪ್ಯೂಟರ್ ಆಫ್ ಮಾಡಿ ಒಲೆ ಹಚ್ಚಲು ಹೋದಳು. ಬೈದಿದ್ದರೇ ಚೆನ್ನಾಗಿತ್ತು.

ಬೀಗರೂಟದ ದಿನ ನರಸೀಪುರದಲ್ಲಿ ಎಲ್ಲರ ಬಾಯಲ್ಲೂ ಸುನೀತಾಳ ಕಾರ್ಡಿನದೇ ಹೊಗಳಿಕೆ. ಅತ್ತಿಗೆಯೇ ಕೈ ಹಿಡಿದುಕೊಂಡು ಮೆಚ್ಚಿದರು. ನಾನು ಮುದ್ದೆ ಮುರಿಯುತ್ತಾ ತಲೆ ತಗ್ಗಿಸಿ ಕೂತಿದ್ದೆ. ಪಕ್ಕದೆಲೆಯ ನಿಂಗರಾಜು ಚಿಕ್ಕಪ್ಪ ಕಾರ್ಡನ್ನು ಕಣ್ಣಿನ ಹತ್ತಿರ ಹಿಡಿದು ಹುಡುಕಿದ್ದೇ ಹುಡುಕಿದ್ದು.

"ಅಲ್ಲ ಕಣವ್ವಾ, ಎಲ್ರ ಎಸ್ರೂ ಅದೆ, ಅಳಿಯಂದ್ರುದೇ ಇಲ್ವಲ್ಲಾ!"

ಸುನೀತಾ ನನ್ನೆಲೆಗೆ ಸಾರು ಬಿಡುತ್ತಾ ತಣ್ಣಗೆ ಹೇಳಿದಳು:

"ಕಡೇ ಸಾಲು ಓದಿ ಚಿಕ್ಕಪ್ಪ. ‘ಮತ್ತು ಬಂಧುಮಿತ್ರರು’ ಅಂತಿದೆ ನೋಡಿ. ತಜ್ಞರು ಅಲ್ಲೇ ಅವ್ರೆ!"