ಥಾಣೆಯಲ್ಲಿ ಸಾವಿರ ವರ್ಷದ ಇಂಗ್ಲಿಷ್

ಇಂಗ್ಲಿಷ್ ಸಾಹಿತ್ಯದ ಚರಿತ್ರೆ ಪಾಠ ಮಾಡುವವಳ ಬದುಕಿನಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಕೇಳುವವರಿದ್ದಾರೆ. ಅವರು ನನ್ನ ಜೊತೆ ಒಂದು ವಾರ ಇದ್ದು ನೋಡಬೇಕು. ಥಾಣೆಯ ಒಂದು ಕಾಲೇಜಿನಲ್ಲಿ ಇಪ್ಪತ್ತಮೂರು ವರ್ಷದಿಂದ ನನ್ನದು ಒಂದೇ ಪೇಪರು: ಇಂಗ್ಲಿಷ್ ಸಾಹಿತ್ಯ ಹುಟ್ಟಿದಲ್ಲಿಂದ ಹದಿನೆಂಟನೇ ಶತಮಾನದ ನಿಯೋಕ್ಲಾಸಿಕಲ್ ಯುಗ ಮುಗಿಯುವವರೆಗೆ. ಅಂದರೆ ಸುಮಾರು ಸಾವಿರ ವರ್ಷ. ಅಷ್ಟನ್ನೂ ಎರಡು ಸೆಮಿಸ್ಟರಿನಲ್ಲಿ ತುಂಬಿಸಬೇಕು, ಅದೂ ಗಣಪತಿ ಮತ್ತು ದೀಪಾವಳಿಯ ರಜೆ ಕಳೆದು. ಇಷ್ಟು ಅವಸರದಲ್ಲಿ ತುಂಬಿಸುವಾಗ ಏನಾದರೊಂದು ಚೆಲ್ಲಿಯೇ ಚೆಲ್ಲುತ್ತದೆ.

ಹಳೇ ಮಾಲು

ಕಲ್ಯಾಣದಲ್ಲಿ ಸೀರೆ ಅಂಗಡಿ ಇಟ್ಟಿರುವ ಒಬ್ಬರು ಒಂದು ಮಧ್ಯಾಹ್ನ ನಮ್ಮ ಸ್ಟಾಫ್ ರೂಮಿಗೆ ಬಂದರು. ವಿಜಯಪುರದ ಕಡೆಯವರು. ಅವರ ಮಗಳು ನನ್ನ ಕ್ಲಾಸಿನಲ್ಲಿದ್ದಳು. ಮೇಡಂ ಕನ್ನಡದವರು ಎಂದು ಅವಳೇ ಹೇಳಿದ್ದಳಂತೆ. ಕೂತವರೇ ವಿಷಯಕ್ಕೆ ಬಂದರು.

“ಮೇಡಮ್ಮಾರ, ನಮ್ಮ ಹುಡುಗಿಗೆ ನೀವು ಹಳೇ ಇಂಗ್ಲಿಷ್ ಕಲಸಾಕತ್ತೀರಂತ. ಖರೇನ್ರಿ?”

“ಹೌದು.”

“ಹೊಸಾದು ಕಲಸೋರು ಯಾರೂ ಇಲ್ಲೇನ್ರಿ ಇಲ್ಲಿ? ಹುಡುಗಿ ಶಾಣ್ಯಾ ಅದಾಳ. ಆಕಿಗೆ ಹಳೇ ಮಾಲು ಯಾಕ ಕೊಡ್ತೀರಿ?”

ತಮಾಷೆ ಇರಬೇಕು ಎಂದುಕೊಂಡೆ. ಅಲ್ಲ. ಮಗಳನ್ನು ಕಾಲೇಜು ಬಿಡಿಸಿ ಕಂಪ್ಯೂಟರ್ ಕೋರ್ಸಿಗೆ ಹಾಕುವ ನಿರ್ಧಾರ ಮಾಡಿಕೊಂಡೇ ಬಂದಿದ್ದರು. ಹುಡುಗಿ ಬಾಗಿಲ ಹೊರಗೆ ನೆಲ ನೋಡುತ್ತಾ ನಿಂತಿದ್ದಳು. ನಮ್ಮ ಪಠ್ಯದಲ್ಲಿ ಇರುವುದು ಆ ಕಾಲದ ಚರಿತ್ರೆ ಮಾತ್ರ. ಇವಳು ತನ್ನದೇ ಆಸೆಯಿಂದ ಲೈಬ್ರರಿಯ ನಿಘಂಟು ಹಿಡಿದು ಮೂಲದ ಸಾಲುಗಳನ್ನೇ ಓದಲು ಶುರು ಮಾಡಿದ್ದಳು. ಅಂಥವಳನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ.

“ನಮ್ಮಲ್ಲಿ ಹಳಗನ್ನಡ ಇದೆಯಲ್ಲ, ಹಾಗೇ ಇದು,” ಎಂದೆ. “ಇವತ್ತಿನ ಇಂಗ್ಲೆಂಡಿನವರ ಮುಂದೆ ಈ ಭಾಷೆಯ ಒಂದು ಪುಟ ಇಟ್ಟರೆ ಅವರಿಗೆ ಒಂದು ಸಾಲೂ ತಿಳಿಯುವುದಿಲ್ಲ. ನಿಮ್ಮ ಮಗಳು ಓದಿ ಅರ್ಥ ಹೇಳುತ್ತಾಳೆ.”

ಅವರು ಕುರ್ಚಿ ಮುಂದಕ್ಕೆ ಎಳೆದುಕೊಂಡರು.

“ಅಂದ್ರ, ಅವರಿಗೇ ಬರೂದಿಲ್ಲ?”

“ಇಲ್ಲ.”

“ನಮ್ಮ ಹುಡುಗಿಗೆ ಬರ್ತದ?”

“ಬರುತ್ತದೆ.”

ಎದ್ದು ಹೊರಗೆ ಹೋಗಿ ಮಗಳಿಗೆ, “ನಡಿ, ಕ್ಲಾಸಿನ್ಯಾಗ ಕೂಡು,” ಎಂದು ಹೇಳಿ ಹೊರಟರು. ಆ ವರ್ಷ ಆ ಪೇಪರಿನಲ್ಲಿ ಅವಳೇ ಮೊದಲು. ಎಂಎ ಮಾಡಿದಳು. ಈಗ ನವಿ ಮುಂಬೈಯ ಒಂದು ಕಾಲೇಜಿನಲ್ಲಿ ನಾನು ಮಾಡುವ ಪಾಠವನ್ನೇ ನನಗಿಂತ ಚೆನ್ನಾಗಿ ಮಾಡುತ್ತಾಳೆ. ಹೋದ ದೀಪಾವಳಿಗೆ ಸೀರೆ ತರಲು ಅವರ ಅಂಗಡಿಗೆ ಹೋಗಿದ್ದೆ. ಗಿರಾಕಿಯೊಬ್ಬರಿಗೆ ಸೀರೆ ಬಿಚ್ಚಿ ತೋರಿಸುತ್ತಾ ಅವರು ಹೇಳುತ್ತಿದ್ದರು:

“ಇಂಗ್ಲಿಷರಿಗೇ ತಿಳೀಲಾರದ ಇಂಗ್ಲಿಷ್ ನಮ್ಮ ಹುಡುಗಿಗೆ ಬರ್ತದರೀ. ನಾಳೆ ಲಂಡನ್ನಾಗ ಏನರ ತಕರಾರು ಬಂತಂದ್ರ ಈಕಿನ್ನೇ ಕರಸಬೇಕು.”

ನಾಲ್ಕನೇ ಸೀಟು

ಆ ಹಳೇ ಕಾಲದ ಕವಿಗಳಿಗೆ ಒಂದು ಚಟವಿತ್ತು. ಸಮುದ್ರವನ್ನು ಸಮುದ್ರ ಎಂದು ನೇರವಾಗಿ ಕರೆಯದೆ ಎರಡು ಪದ ಜೋಡಿಸಿ ‘ತಿಮಿಂಗಿಲ-ದಾರಿ’ ಎನ್ನುತ್ತಿದ್ದರು. ಇದನ್ನು ಕ್ಲಾಸಿನಲ್ಲಿ ಹೇಳಿ, ನಿಮ್ಮ ಕಣ್ಣೆದುರಿನ ಯಾವುದಾದರೂ ವಸ್ತುವಿಗೆ ಇಂಥದೇ ಒಂದು ಹೆಸರು ಕಟ್ಟಿ ತನ್ನಿ, ಯಾವ ಭಾಷೆಯಾದರೂ ಆದೀತು ಎಂದೆ.

ಮಾರನೇ ದಿನ ರಾಶಿ ಬಂತು. ಮೊಬೈಲು ‘ಹೆಬ್ಬೆರಳಿನ ಗದ್ದೆ’. ಹಾಜರಿ ಪುಸ್ತಕ ‘ಸುಳ್ಳಿನ ಗೋದಾಮು’. ನನಗೂ ಯಾರೋ ಒಂದು ಕಟ್ಟಿದ್ದರು, ‘ಕೆಂಪು ಶಾಯಿಯ ಮೋಡ’. ಕೊನೆಗೆ ಪಕ್ಕದ ಕಳವಾ ಊರಿನಿಂದ ಬರುವ ಹುಡುಗಿಯ ಸರದಿ ಬಂತು. ಅವಳ ತಂದೆ ಅಲ್ಲಿನ ರೈಲ್ವೆ ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ವರ್ಷ ಪೂರ್ತಿ ಬಾಯಿ ಬಿಡದ ಹುಡುಗಿ. ಅವಳು ಆರಿಸಿಕೊಂಡದ್ದು ಲೋಕಲ್ ಟ್ರೇನಿನ ನಾಲ್ಕನೇ ಸೀಟು. ಮೂವರ ಬೆಂಚಿನ ತುದಿಯಲ್ಲಿ ಅರ್ಧ ಬೆಂಚಿನ ಮೇಲೆ, ಅರ್ಧ ಗಾಳಿಯ ಮೇಲೆ ಕೂರುತ್ತೇವಲ್ಲ, ಆ ಜಾಗ. ಅದಕ್ಕೆ ಅವಳಿಟ್ಟ ಹೆಸರು ‘ಅರ್ಧ-ಸಿಂಹಾಸನ’. ಇಡೀ ಕ್ಲಾಸು ಮೇಜು ಬಡಿಯಿತು.

ಮೂರು ವಾರ ಕಳೆದಿರಬಹುದು. ಡೊಂಬಿವಲಿಯಲ್ಲಿ ಹೇಗೋ ಲೇಡೀಸ್ ಡಬ್ಬಿಗೆ ನುಗ್ಗಿ ನಿಂತಿದ್ದೆ. ಮಡಿಲಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕೂತಿದ್ದ ಒಬ್ಬ ಹೆಂಗಸು, ನಾನು ಹಿಂದೆಂದೂ ಕಂಡವರಲ್ಲ, ಸ್ವಲ್ಪ ಸರಿದು, “ಆಯಿಯೇ, ಅರ್ಧ-ಸಿಂಹಾಸನ ಖಾಲಿ ಹೈ,” ಎಂದರು. ಈ ಮಾತು ಎಲ್ಲಿ ಕೇಳಿದಿರಿ ಎಂದರೆ, ಎಲ್ಲರೂ ಹಾಗೇ ಅನ್ನುತ್ತಾರಲ್ಲ ಎಂದು ನನ್ನನ್ನೇ ವಿಚಿತ್ರವಾಗಿ ನೋಡಿದರು. ಆ ಅರ್ಧ ಸೀಟಿನಲ್ಲಿ ಥಾಣೆಯವರೆಗೆ ನಾನು ಕೂತ ಠೀವಿಯನ್ನು ಯಾರಾದರೂ ನೋಡಬೇಕಿತ್ತು. ನೇರ ಕ್ಲಾಸಿಗೆ ಹೋಗಿ ಆ ಹುಡುಗಿಗೆ ಹೇಳಿದೆ. ಅವಳು ಯೋಚಿಸಿ ಹಿಂದಿಯಲ್ಲಿ ಹೇಳಿದಳು:

“ಮ್ಯಾಮ್, ಆ ಕಾಲದ ಕವಿಗಳಿಗೂ ಸೀಟು ಸಿಗುತ್ತಿರಲಿಲ್ಲ ಅಂತ ಕಾಣುತ್ತದೆ. ಸೀಟು ಸಿಕ್ಕವರು ನಿದ್ದೆ ಮಾಡುತ್ತಾರೆ, ಹೆಸರು ಕಟ್ಟುವುದಿಲ್ಲ.”

ಪೊಸೆಶನ್

ಮೌಖಿಕ ಪರೀಕ್ಷೆಗೆ ಬೇರೆ ಕಾಲೇಜಿನಿಂದ ಒಬ್ಬ ಹಿರಿಯ ಪ್ರಾಧ್ಯಾಪಕರು ಬಂದಿದ್ದರು. ಮುಖದಲ್ಲಿ ನಗು ಇಲ್ಲ. ಮೊದಲ ನಾಲ್ವರು ಅಳುಮೋರೆ ಹಾಕಿಕೊಂಡು ಹೊರಗೆ ಬಂದರು. ಐದನೆಯವನು ಥಾಣೆಯ ನೌಪಾಡಾ ಬಡಾವಣೆಯ ಹುಡುಗ. ಅವರ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುವುದಾಗಿ ಹೇಳಿ ಹೋದ ಬಿಲ್ಡರು ಆರು ವರ್ಷವಾದರೂ ಮುಗಿಸಿ ಪೊಸೆಶನ್, ಅಂದರೆ ಮನೆಯ ಸ್ವಾಧೀನ, ಕೊಟ್ಟಿರಲಿಲ್ಲ. ಹುಡುಗನ ಮನೆಯವರು ಬಾಡಿಗೆ ಮನೆಯಲ್ಲಿದ್ದರು.

“ರೆಸ್ಟೋರೇಶನ್ ಯುಗ ಅಂದರೇನು?” ಎಂದು ಪ್ರಾಧ್ಯಾಪಕರು ಕೇಳಿದರು.

ಹುಡುಗನಿಗೆ ಟಿಪ್ಪಣಿ ಮರೆತುಹೋಗಿತ್ತು. ತನಗೆ ತಿಳಿದ ರೀತಿಯಲ್ಲಿ ಹೇಳಿದ: “ಸರ್, ಇಂಗ್ಲೆಂಡಿನಲ್ಲಿ ರಾಜನ ಮನೆತನವನ್ನು ಕೆಡವಿದರು. ಮಗ ಹನ್ನೊಂದು ವರ್ಷ ಹೊರಗೆ ಬೇರೆಯವರ ಮನೆಯಲ್ಲಿ ಕಾದ. ಆಮೇಲೆ ಪೊಸೆಶನ್ ಸಿಕ್ಕಿತು. ವಾಪಸು ಬಂದು, ಮುಚ್ಚಿದ್ದ ನಾಟಕ ಶಾಲೆಗಳ ಬೀಗ ತೆಗೆಸಿದ.”

ನಾನು ಕಣ್ಣು ಮುಚ್ಚಿಕೊಂಡೆ. ಪ್ರಾಧ್ಯಾಪಕರು ಪೆನ್ನು ಕೆಳಗಿಟ್ಟರು.

“ಹನ್ನೊಂದೇ ವರ್ಷದಲ್ಲಿ ಸಿಕ್ಕಿತೇ?” ಎಂದರು. “ನಮ್ಮದು ಹದಿಮೂರು ಆಯಿತು, ಇನ್ನೂ ಪಾಯ ಕೂಡ ಎದ್ದಿಲ್ಲ.”

ಹುಡುಗನಿಗೆ ಪೂರ್ತಿ ಅಂಕ ಬಂತು.

ಕಾಫಿ ಹೌಸ್

ನನ್ನ ಅಪ್ಪನದು ನೌಪಾಡಾದಲ್ಲಿ ಸಸ್ಯಾಹಾರಿ ಹೋಟೆಲು. ಉಡುಪಿಯಿಂದ ಏಳನೇ ಕ್ಲಾಸು ಬಿಟ್ಟು ಬಂದು ಕಟ್ಟಿದ್ದು. ಗೋಡೆಯಲ್ಲಿ ಎರಡು ಬೋರ್ಡು ಇವೆ, ‘ಹೆಚ್ಚು ಹೊತ್ತು ಕೂರಬಾರದು’, ‘ರಾಜಕೀಯ ಮಾತನಾಡಬಾರದು’. ಮುನ್ನೂರು ವರ್ಷದ ಹಿಂದೆ ಲಂಡನ್ನಿನ ಕಾಫಿ ಹೌಸುಗಳಲ್ಲಿ ಹೇಗೆ ಪತ್ರಿಕೆಗಳೂ ಪ್ರಬಂಧಗಳೂ ಹುಟ್ಟಿದವು ಎಂಬ ಪಾಠವನ್ನು ಒಂದು ವರ್ಷ ಅಲ್ಲೇ ಮಾಡಿದೆ, ಹದಿನಾಲ್ಕು ಮಂದಿಯನ್ನು ಕೂಡಿಸಿಕೊಂಡು. ಅಪ್ಪನಿಗೆ ಮೊದಲೇ ಹೇಳಿದ್ದೆ. ಅವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದರು. ನಾನು ಮಾತು ಶುರು ಮಾಡಿದಾಗ ಒಳಗೆ ಹೋಗಿ ಗ್ರೈಂಡರ್ ನಿಲ್ಲಿಸಿ ಬಂದರು. ಬಂದ ಗಿರಾಕಿಗಳಿಗೆಲ್ಲ, “ನನ್ನ ಮಗಳು. ಕ್ಲಾಸು ನಡೀತಾ ಉಂಟು,” ಎಂದು ಪಿಸುದನಿಯಲ್ಲಿ ಹೇಳಿ ದೂರದ ಮೇಜು ತೋರಿಸುತ್ತಿದ್ದರು.

ಲಂಡನ್ನಿನಲ್ಲಿ ಒಂದು ಕಾಫಿ ತೆಗೆದುಕೊಂಡು ಇಡೀ ದಿನ ಕೂತು ರಾಜಕೀಯ ಮಾತನಾಡುತ್ತಿದ್ದರು ಎಂದೆ. ಹುಡುಗರೆಲ್ಲ ಒಟ್ಟಿಗೆ ಗೋಡೆಯ ಬೋರ್ಡಿನ ಕಡೆ ತಿರುಗಿದರು. ಅಪ್ಪನಿಗೂ ಕೇಳಿಸಿತು.

“ಒಂದು ಕಾಫಿಗೆ ಇಡೀ ದಿನವಾ ಮಗಾ?”

“ಹೌದಪ್ಪ.”

“ಆ ಹೋಟೆಲುಗಳು ಈಗ ಉಂಟಾ?”

“ಇಲ್ಲ. ಹೆಚ್ಚಿನವು ಮುಚ್ಚಿಹೋದವು.”

“ಮತ್ತೆ?” ಎಂದಷ್ಟೇ ಹೇಳಿ ಅಪ್ಪ ಬಿಲ್ಲು ಬರೆಯತೊಡಗಿದರು.

ಆದರೂ ನಮ್ಮನ್ನು ಎರಡು ಗಂಟೆ ಕೂರಲು ಬಿಟ್ಟರು. ಆ ಹೋಟೆಲಿನಲ್ಲಿ ಹಾಗೆ ಕೂತವರು ಹಿಂದೆ ಇಲ್ಲ, ಮುಂದೆ ಇರಲಾರರು. ಊಟದ ಗಿರಾಕಿಗಳು ಬಾಗಿಲಲ್ಲಿ ಸೇರತೊಡಗಿದಾಗ ತಾವೇ ಮೇಜಿನ ಹತ್ತಿರ ಬಂದು ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಕೇಳಿದರು:

“ಮಕ್ಕಳೇ, ಸಾಹಿತ್ಯ ಹುಟ್ಟಿತಾ?”

“ಹುಟ್ಟುತ್ತಾ ಇದೆ ಅಂಕಲ್.”

“ಹುಟ್ಟಿದ್ದಷ್ಟು ಸಾಕು. ಉಳಿದದ್ದು ಫುಟ್‌ಪಾತಿನಲ್ಲಿ ಹುಟ್ಟಲಿ.”

ಹೊಗಳಿಕೆಯ ಪತ್ರ

ನಮ್ಮ ಮನೆ ಇರುವುದು ಡೊಂಬಿವಲಿಯ ಕೈಗಾರಿಕಾ ಪ್ರದೇಶವಾದ ಎಂಐಡಿಸಿಯ ವಸತಿ ಭಾಗದಲ್ಲಿ, ಆರನೇ ಮಹಡಿ. ಎರಡು ವರ್ಷದ ಹಿಂದೆ ನಮ್ಮ ಹೌಸಿಂಗ್ ಸೊಸೈಟಿಯ ಲಿಫ್ಟು ಕೆಟ್ಟು ನಿಂತಿತು. ಒಂದು ತಿಂಗಳು, ಎರಡು ತಿಂಗಳು, ಮೂರು ತಿಂಗಳು. ಅದಕ್ಕೆ ಸ್ವಲ್ಪ ಮೊದಲು ನನ್ನ ಅತ್ತೆಯ ಮೊಣಕಾಲಿನ ಆಪರೇಶನ್ ಆಗಿತ್ತು. ಪ್ರತಿ ಸಂಜೆ ಕೆಳಗಿನ ಬೆಂಚಿನಲ್ಲಿ ನಾಲ್ಕು ಗೆಳತಿಯರ ಜೊತೆ ಕೂರುತ್ತಿದ್ದವರು ಬಾಲ್ಕನಿಯಿಂದ ಬಗ್ಗಿ ಆ ಬೆಂಚನ್ನು ನೋಡುತ್ತಾ ನಿಲ್ಲುವಂತಾಯಿತು. ಸೆಕ್ರೆಟರಿಗೆ ನಾನು ಮೂರು ಅರ್ಜಿ ಕೊಟ್ಟೆ. ಮೊದಲನೆಯದು ವಿನಯದ್ದು, ಎರಡನೆಯದು ಬೇಸರದ್ದು, ಮೂರನೆಯದು ಸಿಟ್ಟಿನದು. ಯಾವುದಕ್ಕೂ ಉತ್ತರ ಬರಲಿಲ್ಲ.

ಆ ವಾರ ಕ್ಲಾಸಿನಲ್ಲಿ ಹದಿನೆಂಟನೇ ಶತಮಾನದ ವ್ಯಂಗ್ಯ ನಡೆಯುತ್ತಿತ್ತು. ಬೈಯುವವನು ನೇರ ಬೈಯಬಾರದು, ಗಂಭೀರ ಮುಖ ಮಾಡಿ ಹೊಗಳಬೇಕು, ಓದಿದವನು ನಾಚಿ ತಿದ್ದಿಕೊಳ್ಳಬೇಕು ಎಂದು ಪಾಠ ಮಾಡಿ ಮನೆಗೆ ಬಂದು ಆರು ಮಹಡಿ ಹತ್ತಿದೆ. ಏದುಸಿರು ಇಳಿಯುವ ಮೊದಲೇ ಕೂತು ನಾಲ್ಕನೇ ಪತ್ರ ಬರೆದೆ, ಒಳ್ಳೆಯ ಇಂಗ್ಲಿಷಿನಲ್ಲಿ.

ಮಾನ್ಯ ಸೆಕ್ರೆಟರಿಯವರು ಲಿಫ್ಟು ನಿಲ್ಲಿಸಿ ನಿವಾಸಿಗಳ ಹೃದಯ ಬಲಪಡಿಸಿದ್ದಾರೆ ಎಂದೆ. ಪರಸ್ಪರ ಮಾತು ಬಿಟ್ಟಿದ್ದ ನೆರೆಯವರು ಈಗ ಪ್ರತಿ ಮಹಡಿಯಲ್ಲಿ ನಿಂತು ಉಸಿರು ತೆಗೆದುಕೊಳ್ಳುತ್ತಾ ಮಾತನಾಡುತ್ತಾರೆ ಎಂದೆ. ಹಿರಿಯರಿಗೆ ಬೆಟ್ಟದ ದೇವರ ಯಾತ್ರೆಯ ಖರ್ಚು ಉಳಿಯಿತು, ಹಾಲು ತಂದರೇ ಯಾತ್ರೆಯ ಪುಣ್ಯ ಎಂದೆ. ಇಂಥ ದೂರದೃಷ್ಟಿಯವರು ಡೊಂಬಿವಲಿಯಲ್ಲಿ ಇನ್ನೊಬ್ಬರಿಲ್ಲ ಎಂದು ಮುಗಿಸಿದೆ. ಬರೆದು ಓದಿದಾಗ ನನಗೇ ಹೆಮ್ಮೆಯಾಯಿತು. ಇಷ್ಟು ವರ್ಷ ಪಾಠ ಮಾಡಿದ್ದನ್ನು ಮೊದಲ ಸಲ ಕೈಯಾರೆ ಮಾಡಿದ್ದೆ.

ಮಾರನೇ ದಿನ ಸೆಕ್ರೆಟರಿ ಮೆಟ್ಟಿಲು ಹತ್ತಿ ನಮ್ಮ ಮನೆಗೇ ಬಂದರು. ಕಣ್ಣು ಒದ್ದೆಯಾಗಿತ್ತು.

“ಮ್ಯಾಡಮ್,” ಎಂದು ಮರಾಠಿಯಲ್ಲಿ ಹೇಳಿದರು, “ಒಂಬತ್ತು ವರ್ಷದಿಂದ ಈ ಕೆಲಸ ಮಾಡುತ್ತಿದ್ದೇನೆ. ಒಬ್ಬರೂ ಒಂದು ಒಳ್ಳೇ ಮಾತು ಆಡಿರಲಿಲ್ಲ.”

ನಾನು ಅವರನ್ನು ಕೂರಿಸಿ ನೀರು ಕೊಟ್ಟೆ. ಅವರು ಪತ್ರಕ್ಕೆ ಫ್ರೇಮು ಹಾಕಿಸಿ ಕೆಳಗೆ ಲಿಫ್ಟಿನ ಬಾಗಿಲ ಪಕ್ಕದಲ್ಲೇ ತೂಗುಹಾಕಿದರು. ಓದಿದವರೆಲ್ಲ ನಗುನಗುತ್ತಾ ಮೆಟ್ಟಿಲು ಹತ್ತುವುದನ್ನು ಕಂಡು, ಜನ ಸಂತೋಷವಾಗಿದ್ದಾರೆ ಎಂದು ಅವರಿಗೆ ಇನ್ನಷ್ಟು ಉತ್ಸಾಹ ಬಂತು. ಸುತ್ತಲಿನ ಸೊಸೈಟಿಗಳ ಪದಾಧಿಕಾರಿಗಳನ್ನು ಪತ್ರ ನೋಡಲು ಚಹಾಕ್ಕೆ ಕರೆದರು. ಚಹಾ ಟೆರೇಸಿನಲ್ಲಿ. ಬರುವವರು ಅರ್ಧಕ್ಕರ್ಧ ಅರವತ್ತು ದಾಟಿದವರು. ಟೆರೇಸಿಗೆ ಅವರನ್ನು ಹತ್ತಿಸುವುದು ಹೇಗೆ ಎಂಬ ಯೋಚನೆ ಬಂದದ್ದೇ ತಡ, ನಾಲ್ಕೇ ದಿನದಲ್ಲಿ ಲಿಫ್ಟು ಓಡತೊಡಗಿತು.

ಆ ಸಂಜೆ ಅತ್ತೆ ಹೊಸ ಸೀರೆ ಉಟ್ಟು ಕೆಳಗಿಳಿದರು. ಗೆಳತಿಯರು ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು. “ನನ್ನ ಸೊಸೆ ಇಂಗ್ಲಿಷ್ ಬರೆದರೆ ಮಷೀನು ಕೂಡ ಮಾತು ಕೇಳ್ತದೆ,” ಎಂದು ಅವರು ಹೇಳುವುದು ಗೇಟಿನಲ್ಲಿದ್ದ ನನಗೂ ಕೇಳಿಸಿತು.

ಚಹಾ ಮುಗಿದ ಮರುದಿನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಎದುರಿನ ಕಟ್ಟಡದ ಸೆಕ್ರೆಟರಿ. ಮುಖ ಬಾಡಿತ್ತು.

“ಮ್ಯಾಡಮ್, ನಿಮ್ಮಿಂದ ಒಂದು ಅನ್ಯಾಯವಾಗಿದೆ,” ಎಂದರು.

“ಏನಾಯಿತು?”

“ಮೂರು ತಿಂಗಳು ಲಿಫ್ಟು ಬಂದ್ ಇಟ್ಟದ್ದಕ್ಕೆ ಅವರಿಗೆ ಅಷ್ಟು ದೊಡ್ಡ ಪ್ರಶಸ್ತಿ ಪತ್ರ ಕೊಟ್ಟಿರಿ. ನನ್ನದು ಎಂಟು ತಿಂಗಳಿಂದ ಬಂದ್ ಇದೆ.”